ಮೊಲದ ಸಾಕ್ಷಿ

ಡಂಡಿಯಲ್ಲಿ ಡಿಸೆಂಬರ್. ಮೂರೂವರೆಗೇ ಕತ್ತಲು.
ಟೇ ನದಿಯ ಸೇತುವೆ ಮೇಲೆ ಕೊನೆಯಿಲ್ಲದ ಕಿಟಕಿಗಳ ರೈಲು.
ಮೈನಸ್ ಇಪ್ಪತ್ತರ ಪೆಟ್ಟಿಗೆಗೆ ಕೈಯಿಟ್ಟು
ಕಿರುಬೆರಳಿಗಿಂತ ಚಿಕ್ಕ ಶೀಸೆಯೊಂದನ್ನು ತಡಕಿ ತೆಗೆದೆ.
ತಳದಲ್ಲಿ ಹನ್ನೊಂದು ಮೈಕ್ರೋಲೀಟರ್,
ಮೂರು ಸೊಳ್ಳೆ ಕುಡಿದು ಹಾರಿಹೋಗುವಷ್ಟು.

ಇದನ್ನು ಕೊಟ್ಟ ಮೊಲ ಈಗಿಲ್ಲ.
ಅದಕ್ಕೆ ಹೆಸರಿರಲಿಲ್ಲ, ಕಿವಿಯೊಳಗೆ ಒಂದು ಅಂಕಿ ಇತ್ತು.
ಎಲ್ಲೋ ಒಂದು ಗೂಡಿನಲ್ಲಿ ಒಣಹುಲ್ಲು ಮೆಲ್ಲುತ್ತ
ಮನುಷ್ಯನ ಪ್ರೋಟೀನಿನ ಚೂರೊಂದನ್ನು ವೈರಿಯೆಂದು ಬಗೆದು
ಅದರ ಚಹರೆಯನ್ನು ನೆತ್ತರಲ್ಲಿ ಬರೆದಿಟ್ಟುಕೊಂಡಿತು.
ಮೊಲ ಹೋಯಿತು, ಹಗೆ ಉಳಿಯಿತು
ಗ್ಲಿಸರಾಲಿನಲ್ಲಿ, ಹೆಪ್ಪುಗಟ್ಟದೆ.

ನಾವು ಹುಡುಕುವ ಪ್ರೋಟೀನಿಗೆ ಎರಡು ಮನೆ.
ಕೋಶದ ಅಂಚಿನಲ್ಲಿ ನಿಂತು ನೆರೆಯ ಕೋಶವನ್ನು ಹಿಡಿದಿಡುತ್ತದೆ,
ಗೋಣಿಚೀಲದ ಬಾಯಿ ಹೊಲಿದ ದಬ್ಬಳದ ದಾರದ ಹಾಗೆ.
ಒಮ್ಮೊಮ್ಮೆ, ಯಾಕೋ, ಹೊಲಿಗೆ ಬಿಚ್ಚಿಕೊಂಡು
ಒಳಮನೆಗೆ ನುಗ್ಗಿ, ನ್ಯೂಕ್ಲಿಯಸ್ಸಿನ ಕದ ಮುಂದೆ ಮಾಡಿ
ವಂಶದ ಕಡತ ತಿರುವಿಹಾಕುತ್ತದೆ.
ಮೂರು ವರ್ಷದಿಂದ ಹೀಗೆಂದು ನಂಬಿದ್ದೆ
ಈ ಮೊಲದ ಮಾತು ಕೇಳಿ.

ಇಶ್ಬೆಲ್ ಡೋಯಿಗ್ ಶುಕ್ರವಾರ ನಿವೃತ್ತಿಯಾಗುತ್ತಾಳೆ.
ಪಿಪೆಟ್ಟಿನ ತುದಿ ಬದಲಿಸುತ್ತ ಕೇಳಿದಳು, ಏನೂ ಅಲ್ಲದ ದನಿಯಲ್ಲಿ:
"ಆ ಪ್ರೋಟೀನೇ ಇಲ್ಲದ ಕೋಶವನ್ನು ಇದಕ್ಕೆ ತೋರಿಸಿದ್ದೀಯಾ?"

ತೋರಿಸಿರಲಿಲ್ಲ.
ಅಂಥ ಕೋಶ ನಮ್ಮಲ್ಲಿರಲಿಲ್ಲ. ಈಗ ಇದೆ.
ಅದರ ಜೀನ್ ಕತ್ತರಿಸಿ ತೆಗೆದದ್ದೂ ನಾನೇ.

ರಾತ್ರಿಯಿಡೀ ನಾಲ್ಕು ಡಿಗ್ರಿಯಲ್ಲಿ ಗಾಜಿನ ಮೇಲೆ ಮೊಲ ಕೂತಿತು.
ಬೆಳಿಗ್ಗೆ ಮೂರು ಸಲ ತೊಳೆದು ಆಡನ್ನು ಬಿಟ್ಟೆ,
ಮೊಲವನ್ನು ಹಿಡಿಯುವ ಆಡು, ಆಡಿನ ಬಾಲಕ್ಕೆ ಹಸಿರು ದೀಪ.
ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ ನಮ್ಮ ಕಡೆ.
ಈ ಆಡು ಮೊಲವಿಲ್ಲದ ಗಾಜಿನಲ್ಲಿ ಏನನ್ನೂ ಮುಟ್ಟಲಿಲ್ಲ.
ಆಡಿನ ಮೇಲೆ ನನಗೆ ದೂರಿಲ್ಲ.

ಕತ್ತಲ ಕೋಣೆ. ಲೆನ್ಸಿಗೆ ಒಂದು ತೊಟ್ಟು ಎಣ್ಣೆ.
ಅಂಚುಗಳೆಲ್ಲ ಆರಿದ್ದವು. ಅದು ಸರಿ, ಅದು ನ್ಯಾಯ.
ನಡುವೆ ಮಾತ್ರ, ಪ್ರತಿಯೊಂದು ಕೋಶದ ಒಳಮನೆಯಲ್ಲಿ,
ಹಸಿರು ಹಾಗೆಯೇ ಉರಿಯುತ್ತಿತ್ತು,
ಬಾಡಿಗೆದಾರ ಬಿಟ್ಟುಹೋದ ಮನೆಯಲ್ಲಿ
ಯಾರೋ ದೀಪ ಹಚ್ಚಿಕೊಂಡು ಕೂತ ಹಾಗೆ.

ಯಾರದು?
ನಾನು ಮೂರು ವರ್ಷ ಹೆಸರು ಹಿಡಿದು ಕರೆದದ್ದು ಯಾರನ್ನು?

ಇಶ್ಬೆಲ್ ಐಪೀಸಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು.
ಆಮೇಲೆ ಅವಳಮ್ಮನ ಕತೆ. ಅಮ್ಮ ಸೆಣಬಿನ ಗಿರಣಿಯ ನೇಕಾರ್ತಿ.
ಮಗ್ಗಗಳ ಅಬ್ಬರದಲ್ಲಿ ಯಾರಿಗೂ ಯಾರೂ ಕೇಳಿಸುತ್ತಿರಲಿಲ್ಲ,
ಹೆಂಗಸರೆಲ್ಲ ತುಟಿ ಓದುತ್ತಿದ್ದರು.
ಒಂದು ದಿನ ಸಾಲಿನಾಚೆಯಿಂದ ಮೆಕ್ಯಾನಿಕ್ ಒಬ್ಬ ಏನೋ ಅಂದ.
ಶನಿವಾರ ಕುಣಿತಕ್ಕೆ ಬರುತ್ತೀಯಾ ಎಂದು ಓದಿಕೊಂಡು
ಅವಳು ತಲೆಯಾಡಿಸಿದಳು.
ಅವನು ಕೇಳಿದ್ದು ಎಣ್ಣೆಯ ಡಬ್ಬಿ.

"ನಲವತ್ತೊಂದು ವರ್ಷ ಸಂಸಾರ ಮಾಡಿದರು," ಅಂದಳು.
"ಎಣ್ಣೆ ಡಬ್ಬಿ ಆವತ್ತು ಸಿಕ್ಕಿತೋ ಇಲ್ಲವೋ, ಅಪ್ಪ ಹೇಳಲೇ ಇಲ್ಲ."

ನಾನು ನಗಬೇಕಾಗಿತ್ತು. ಸ್ವಲ್ಪ ತಡವಾಗಿ ನಕ್ಕೆ.
ಪುಸ್ತಕದಲ್ಲಿ ತಾರೀಕು ಹಾಕಿ ಬರೆದೆ:
ಅಂಚು, ನಿಜ. ನಡು, ಬೇರೆ ಯಾರೋ.
ಎಂಟು ಚಿತ್ರಗಳನ್ನು ಪ್ರಬಂಧದಿಂದ ಹೊರತೆಗೆಯಬೇಕು.
ಪ್ರೊಫೆಸರಿಗೆ ಸೋಮವಾರ ಹೇಳಬೇಕು. ಇಲ್ಲ, ನಾಳೆಯೇ.

ಖಾಲಿ ಶೀಸೆಯನ್ನು ಹಳದಿ ಡಬ್ಬಕ್ಕೆ ಹಾಕಬೇಕಿತ್ತು.
ಅದರ ಮೇಲೆ ಮಾಸಿದ ಶಾಯಿಯಲ್ಲಿ ಆ ಪ್ರೋಟೀನಿನ ಹೆಸರು,
ನನ್ನದೇ ಕೈಬರಹ.
ಹೆಸರು ಒರೆಸಿದೆ, ಸ್ಪಿರಿಟ್ಟಿನಲ್ಲಿ, ಹೆಬ್ಬೆರಳಿನಿಂದ.
ಮೊಲದ ಅಂಕಿಯನ್ನು ಹಾಗೇ ಬಿಟ್ಟೆ.